ಕಾಟಾ ಕೂಗಿದ ಹೆಸರು

"ಅಂವಾ ವೈರ್ ಜಗ್ಗ್ಯಾನ ಅಕ್ಕಾ," ಎಂದು ಬಸವಪ್ರಸಾದ ಮತ್ತೆ ಮತ್ತೆ ಹೇಳಿದ ಮೇಲೆ, ಜಗ್ಗಿದ್ದರೂ ಜಗ್ಗಿರಬಹುದು ಎಂದು ಮೌನೇಶನಿಗೇ ಅನಿಸತೊಡಗಿತು. ನಿನ್ನೆ ಕಸ ಹೊಡೆಯುವಾಗ ಕಂಪ್ಯೂಟರಿನ ಹಿಂದೆ ಕಸಬರಿಗೆ ಆಡಿಸಿದ್ದು ನಿಜ. ಜೇಡರ ಬಲೆ ತೆಗೆದಿದ್ದ. ಆ ಮೂಲೆಯಲ್ಲಿ ಬಲೆ ಯಾವುದು, ವೈರು ಯಾವುದು ಎಂಬುದು ಜೇಡಕ್ಕಾದರೂ ಗೊತ್ತಿತ್ತೋ ಇಲ್ಲವೋ.

ಮಾನ್ವಿಯ ಆ ಅಕ್ಕಿ ಗಿರಣಿಯ ಗೇಟಿನಲ್ಲಿ ಮೌನೇಶ ಕಾಟಾ ನೋಡಿಕೊಳ್ಳುವವನು. ಭತ್ತದ ಟ್ರ್ಯಾಕ್ಟರು ಕಬ್ಬಿಣದ ಹಾಸಿನ ಮೇಲೆ ಏರಿ ನಿಂತರೆ ತೂಕ ಅವನ ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ಅಂಗಳದಾಚೆಯ ಆಫೀಸಿನ ಕಂಪ್ಯೂಟರಿಗೆ ಹೋಗಬೇಕು, ಅದು ಹೂಂ ಎಂದ ಮೇಲೆ ಗೇಟಿನ ಪ್ರಿಂಟರು ಚೀಟಿ ಉಗುಳಬೇಕು. ನಡುವೆ ಮನುಷ್ಯನ ಕೈ ತಾಗಕೂಡದು. ತೀರಿಕೊಂಡ ಸಾಹುಕಾರರು ಹಾಕಿದ ಕಟ್ಟಳೆ ಅದು. ಕೈಯಲ್ಲಿ ಬರೆದ ಚೀಟಿ ಬೇಕಾದವರಿಗೆ ಊರಲ್ಲಿ ಬೇರೆ ಗಿರಣಿಗಳಿದ್ದವು. ಕುರ್ಡಿ, ಕವಿತಾಳದ ರೈತರು ಅವನ್ನೆಲ್ಲ ದಾಟಿ ಇಲ್ಲಿಗೆ ಬರುತ್ತಿದ್ದುದು ಈ ಕಟ್ಟಳೆಗಾಗಿ. ಇವತ್ತು ಬೆಳಗಿನಿಂದ ಪ್ರಿಂಟರು ಬಾಯಿ ಬಿಟ್ಟಿರಲಿಲ್ಲ. ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಇಳಿದು ಚಹಾದಂಗಡಿಯವರೆಗೆ ಬೆಳೆದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಸಾಹುಕಾರರು ಹೋದ ಮೇಲೆ ಗಿರಣಿ ನಡೆಸುತ್ತಿದ್ದವರು ಅವರ ಹೆಂಡತಿ ವೀರಭದ್ರಮ್ಮ. ಹೆಂಗಸಿನ ಕೈಗೆ ಬಂದ ಗಿರಣಿ ಮುಳುಗಿತು ಎಂದವರೆಲ್ಲ ಈಗ ಅವರ ಅಂಗಳದಲ್ಲೇ ಭತ್ತ ಸುರಿಯುತ್ತಿದ್ದರು. ಅವರು ಆಫೀಸಿನ ಮೆಟ್ಟಿಲ ಮೇಲೆ ನಿಂತು, ದನಿ ಏರಿಸದೆ ಹೇಳಿದ್ದರು: "ದೀಪ ಹಚ್ಚೋ ಹೊತ್ತಿನ ತನಕ ನೋಡ್ತೀನಿ ಮೌನೇಶ. ಅಷ್ಟರಾಗ ಚೀಟಿ ಬರಲಿಲ್ಲಂದ್ರ ಕಾಟಾದ ಕೀಲಿ ನಮ್ಮ ತಮ್ಮನ ಕೈಯಾಗ ಕೊಟ್ಟು ಮನಿಗೆ ಹೋಗು."

ತಮ್ಮನೆಂದರೆ ಬಸವಪ್ರಸಾದನೇ. ಅವನ ಹೆಂಡತಿಯ ಕಡೆಯವನೊಬ್ಬ ದೇವದುರ್ಗದಲ್ಲಿ ಕೆಲಸವಿಲ್ಲದೆ ಕುಳಿತಿದ್ದ. ಈ ಸಂಗತಿ ಗಿರಣಿಯ ಇಲಿಗಳಿಗೂ ಗೊತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ರಾಯಚೂರಿನ ಕಂಪ್ಯೂಟರ್ ಅಂಗಡಿಯಿಂದ ಉಮಾಶ್ರೀ ಬಂದಳು. ಹೆಗಲಿಗೆ ಚೀಲ, ಮೈತುಂಬ ದಾರಿಯ ಧೂಳು. ಅವಳ ಹಿಂದೆ ಮೆಕ್ಯಾನಿಕ್ ಬರುತ್ತಿರಬೇಕೆಂದು ಬಸವಪ್ರಸಾದ ಸ್ವಲ್ಪ ಹೊತ್ತು ಗೇಟಿನ ಕಡೆಗೇ ನೋಡಿದ. ಯಾರೂ ಬರಲಿಲ್ಲ. ಅಷ್ಟರಲ್ಲಿ ಅವಳು ಹಮಾಲರ ನಲ್ಲಿಯಲ್ಲಿ ಮುಖ ತೊಳೆದು ಮೌನೇಶನ ಕುರ್ಚಿಯಲ್ಲಿ ಕುಳಿತಾಗಿತ್ತು.

"ವೈರ್ ಹರದದ ನೋಡ್ರಿ ಮೊದಲು," ಎಂದ ಬಸವಪ್ರಸಾದ.

ಅವಳು ಏನೋ ಅಂಕಿಗಳನ್ನು ಬಡಿದಳು. ಕಪ್ಪು ತೆರೆಯ ಮೇಲೆ ಸಾಲುಗಳು ಟಪಟಪ ಬಿದ್ದವು. "ವೈರ್ ಚಲೋ ಅದ್ರಿ. ನಂಬರ್ ಹಿಡಿದು ಕೇಳಿದ್ರ ಆಫೀಸಿನ ಕಂಪ್ಯೂಟರ್ ಓ ಅಂತದ."

ಬಸವಪ್ರಸಾದ ವೈರಿನ ಕಡೆ, ಅದು ತನ್ನ ಮಾತು ಉಳಿಸಲಿಲ್ಲವಲ್ಲ ಎಂಬಂತೆ ನೋಡಿ, ಆಫೀಸಿಗೆ ನಡೆದ.

"ಮತ್ತ ಏನಾಗ್ಯದ್ರೀ ಯವ್ವಾ?" ಮೌನೇಶ ಕೇಳಿದ.

"ಹೆಸರು ಹಿಡಿದು ಕರದ್ರ ಸುಮ್ಮ ಕುಂದ್ರತದ. ಒಂದೊಂದು ಕಂಪ್ಯೂಟರಿಗೂ ಒಂದು ಹೆಸರಿರತದಲ್ಲ? ನಿಮ್ಮ ಕಾಟಾಕ್ಕ ನಂಬರ್ ಗೊತ್ತಿಲ್ಲ, ಹೆಸರು ಒಂದ ಗೊತ್ತು." ಅವಳು ತನ್ನ ಲ್ಯಾಪ್‌ಟಾಪನ್ನು ಅದೇ ವೈರಿನ ಗಂಟಿಗೆ ಸಿಕ್ಕಿಸಿ ಅವನತ್ತ ತಿರುಗಿಸಿದಳು. "ಇಲ್ಲಿ ನೋಡ್ರಿ. ಇದು ನಿಮ್ಮ ಕಾಟಾ ಮಾತಾಡೋದು."

ತೆರೆಯ ಮೇಲೆ ಒಂದು ಸಾಲು ಮೂಡಿತು. ಸ್ವಲ್ಪ ತಡೆದು ಅದರ ಕೆಳಗೆ ಅಂಥದೇ ಇನ್ನೊಂದು. ಇಂಗ್ಲಿಷ್ ಅಕ್ಷರಗಳ ಗೊಂಚಲಿನಲ್ಲಿ ಮೌನೇಶನಿಗೆ ಓದಲು ಬಂದದ್ದು ಒಂದೇ, ಅದೂ ಪ್ರತಿ ಸಾಲಿನಲ್ಲಿ: ಮರಿಸ್ವಾಮಿ.

"ಸಾಹುಕಾರ್ರ ಹೆಸರು."

"ಹೌದೇನ್ರಿ? ಗಿರಣ್ಯಾಗಿರೋ ಎಲ್ಲಾ ಮಿಷನ್ನಿಗೂ ಕೇಳಾಕತ್ತದ. ಮರಿಸ್ವಾಮಿ ಅನ್ನೋರು ಯಾರರ ಅದೀರೇನು, ಎಲ್ಲಿ ಅದೀರಿ, ಅಂತ. ಯಾರೂ ಓ ಅನ್ನವಲ್ರು. ಸ್ವಲ್ಪ ಸುಮ್ಮನಿರತದ, ಮತ್ತ ಕೂಗತದ."

"ಬೆಳಗಿನಿಂದ?"

"ಬೆಳಗಿನಿಂದ ಅಲ್ರಿ. ಮೊದಲಿಂದ್ಲೂ ಕೂಗತದ. ಆವಾಗ ಓ ಅನ್ನೋರಿದ್ರು, ಅದಕ್ಕ ನಿಮಗ ಗೊತ್ತಾಗಿಲ್ಲ."

ಮೌನೇಶ ತನ್ನ ಕಂಪ್ಯೂಟರಿನ ಡಬ್ಬಿಯನ್ನು ನೋಡಿದ. ವರ್ಷಗಟ್ಟಲೆ ಅದರ ಪಕ್ಕದಲ್ಲಿ ಕುಳಿತು ಉಂಡಿದ್ದ, ತೂಕಡಿಸಿದ್ದ, ಸಾಹುಕಾರರು ಹೋದ ದಿನ ಅದರ ಮೇಲೆ ತಲೆ ಇಟ್ಟು ಅತ್ತೂ ಇದ್ದ. ಅದು ಬರಿದೆ ಗುಂಯ್‌ಗುಡುತ್ತದೆ ಎಂದುಕೊಂಡಿದ್ದ. ಒಂದೊಂದು ಟ್ರ್ಯಾಕ್ಟರು ಹತ್ತಿದಾಗಲೂ ಅದು ಅಂಗಳದ ಆಚೆಗೆ ಅವರ ಹೆಸರು ಹಿಡಿದು ಕೂಗಿತ್ತು. ಅವರು ಮಣ್ಣಿಗೆ ಹೋದ ಮರುದಿನವೂ ಕೂಗಿತ್ತು, ಉತ್ತರವೂ ಬಂದಿತ್ತು. ಈ ಹೆಸರು ಹೇಳದೆ ಒಂದು ಸೇರು ಭತ್ತವೂ ಒಳಗೆ ಬಂದಿರಲಿಲ್ಲ. ನಿಂತಲ್ಲೇ ಅವನ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚಿದವು.

ಇಬ್ಬರೂ ಆಫೀಸಿಗೆ ಹೋಗಿ ನೋಡಿದರೆ ಅಲ್ಲಿನ ಕಂಪ್ಯೂಟರಿನ ಹೆಸರು 'ಯಜಮಾನರು' ಎಂದಿತ್ತು.

ಉಮಾಶ್ರೀ ತೆರೆಯಿಂದ ತಿರುಗಿದಳು. "ಇದಕ್ಕ ಹೆಸರಿಟ್ಟೋರು ಯಾರ್ರಿ ಅಮ್ಮಾರ?"

"ನಿನ್ನಿ ಸಂಜಿಕ ಇದು ಕೆಟ್ಟು ನಿಂತಿತ್ತು," ಎಂದರು ವೀರಭದ್ರಮ್ಮ. "ಊರಾಗಿನ ಮೆಕ್ಯಾನಿಕ್ ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕಿದ. ಮೊದಲ ಇದರ ಹೆಸರು ಏನಿತ್ತು ಅಂದ. ಯಜಮಾನರ ಹೆಸರು ಇತ್ತು, ಅದನ್ನ ಇಡು ಅಂದೆ."

"ಅಂದ್ರ, ಹೆಸರು ಬಾಯಿಬಿಟ್ಟು ಹೇಳಲಿಲ್ರೀ?"

ವೀರಭದ್ರಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹೆಂಗ ಹೇಳಲಿ?"

ಬಸವಪ್ರಸಾದ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದ. ಆ ಮೆಕ್ಯಾನಿಕ್ ಕೇಳಿದ್ದನ್ನು ಕೇಳಿದ ಹಾಗೆ ಬಡಿಯುವವನು. ವೀರಭದ್ರಮ್ಮ ಯಜಮಾನರು ಎಂದರು, ಅವನು ಯಜಮಾನರು ಎಂದು ಬಡಿದಿದ್ದ.

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಬೂದೆಮ್ಮ, ಗಿರಣಿಯ ಅಂಗಳ ಗುಡಿಸುವವಳು, ಬಾಯಿಗೆ ಸೆರಗು ಒತ್ತಿಕೊಂಡಳು. "ಒಡಪು ಹಾಕಿಸಿ ಕೇಳಬೇಕಿತ್ತು ನೋಡ್ರೀ ಅಂವಾ. ಹೊಸಾ ಸೊಸಿನ ಬಾಗಲದಾಗ ತರುಬಿ ಕೇಳ್ತಾರಲ್ಲ, ಹಂಗ. ಹಾಡಿನಾಗ ಸುತ್ತಿ ಗಂಡನ ಹೆಸರು ಹೇಳಿದ್ರ ಪಾಪಿಲ್ಲ."

"ನೀ ನಿನ್ನ ಕಸ ನೋಡು," ಎಂದರು ವೀರಭದ್ರಮ್ಮ.

"ಗೇಟಿನ ಕಂಪ್ಯೂಟರಿಗೇ ಹೊಸಾ ಹೆಸರು ಕಲಿಸಿಬಿಡ್ರಿ," ಬಸವಪ್ರಸಾದ ಕ್ಯಾಲೆಂಡರಿನಿಂದ ತಿರುಗಿದ. "ಇನ್ನ ಎಷ್ಟು ದಿನ ಅಂತ ಹಳೇದು? ಬೇಕಂದ್ರ ನನ್ನ ಹೆಸರು ಇಡ್ರಿ. ಇರೋರ ಹೆಸರು ಇದ್ರ ಚಲೋ."

"ಹಂಗೂ ಮಾಡಬಹುದ್ರಿ," ಎಂದಳು ಉಮಾಶ್ರೀ.

ಹೊರಗೆ ಯಾವನೋ ಟ್ರ್ಯಾಕ್ಟರಿನವನು ತಾಳ್ಮೆಗೆಟ್ಟು ಹಾರ್ನ್ ಬಡಿದ. ತನ್ನ ಕೀಲಿ ಈ ಒಂದು ಮಾತಿನ ಮೇಲೆ ತೂಗುತ್ತಿದೆ ಎಂದು ಮೌನೇಶನಿಗೆ ಗೊತ್ತಿತ್ತು. ಗೇಟಿನಲ್ಲಿ ಕೂಗುವ ಹೆಸರು ಬಸವಪ್ರಸಾದನದಾದರೆ, ಕೂಗಿಸುವವನೂ ಅವನ ಕಡೆಯವನೇ ಆಗುತ್ತಾನೆ.

"ಕೂಗೋದರದು ಏನು ತಪ್ಪದ?" ಎಂದರು ವೀರಭದ್ರಮ್ಮ. "ಓ ಅನ್ನೋದನ್ನ ಸರಿ ಮಾಡ್ರಿ."

ಉಮಾಶ್ರೀ ತೆರೆಯ ಮೇಲೆ ಹೆಸರು ಬದಲಿಸುವ ಪೆಟ್ಟಿಗೆ ತೆರೆದಿಟ್ಟಳು. ಅವಳು ಗೇಟಿನಲ್ಲಿ ಕುಳಿತು ಕೂಗನ್ನು ನೋಡಬೇಕು, ಇಲ್ಲಿ ಯಾರಾದರೂ ಬರೆಯಬೇಕು. ಬಸವಪ್ರಸಾದ ಮುಂದೆ ಬಂದ. ಸಾಹುಕಾರರ ಕುರ್ಚಿಗೆ ವೀರಭದ್ರಮ್ಮ ಕೈ ಅಡ್ಡ ಇಟ್ಟರು, ಆಮೇಲೆ ತಾವೇ ಅದರಲ್ಲಿ ಕುಳಿತರು. ಗಂಡನ ಹೆಸರನ್ನು ಬರೆಯುವುದಕ್ಕೆ ದೋಷವಿರಲಿಲ್ಲ, ಬ್ಯಾಂಕಿನ ಕಾಗದದಲ್ಲಿ, ಮರಣಪತ್ರದ ಅರ್ಜಿಯಲ್ಲಿ ಬರೆದಿದ್ದರು.

ಗೇಟಿನ ಕೋಣೆಗೆ ಮರಳಿ ಮೌನೇಶ ಆಫೀಸಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಕಿಟಕಿಗೆ ಬೂದೆಮ್ಮ ಬಂದು ನಿಂತಳು. ಅವಳ ಪಕ್ಕ, ಸಾಲಿನಲ್ಲಿ ಮೊದಲಿಗನಾಗಿ ಬೆಳಗಿನಿಂದ ಬೇಯುತ್ತಿದ್ದ ಕುರ್ಡಿಯ ರೈತ ಹಂಪಯ್ಯ. ಒಂದೊಂದೇ ಕೀಲಿ ಒತ್ತುವ ಸಪ್ಪಳ ಫೋನಿನಲ್ಲಿ ಬಂತು, ನಿಂತಿತು.

"ಏನ್ ಬರದ್ರಿ ಅಮ್ಮಾರ, ಒಮ್ಮಿ ಓದಿ ಹೇಳ್ರಿ," ಎಂದಳು ಉಮಾಶ್ರೀ. ಹೇಳಿದ ಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡಳು.

ಫೋನಿನಲ್ಲಿ ಆಫೀಸಿನ ಫ್ಯಾನಿನ ಗಾಳಿ ಮಾತ್ರ ಕೇಳುತ್ತಿತ್ತು. ಇನ್ನು ಅವರು ಫೋನು ಇಡುತ್ತಾರೆ ಎಂದು ಮೌನೇಶ ಅಂದುಕೊಳ್ಳುವಷ್ಟರಲ್ಲಿ ಆ ದನಿ ಬಂತು. ಹಮಾಲರನ್ನು ಅಂಗಳದ ಆಚೆಯಿಂದಲೇ ನಿಲ್ಲಿಸುವ ದನಿಯಲ್ಲ; ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನದು.

"ಗೇಟು ದಾಟಿ ನಿಂತದ ಭತ್ತದ ಗಾಡಿ ಸಾಲು,
ಮರಿಸ್ವಾಮ್ಯಾರ ಕಾಟಾದಾಗ ಯಾರಿಗಿಲ್ಲ ಸೋಲು."

ಬೂದೆಮ್ಮ ನಗಲಿಲ್ಲ. ಹಂಪಯ್ಯ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದ. ಮದುವೆಯ ದಿನ ಹೇಳಿದ ಒಡಪಾಗಿರಲಾರದು ಅದು, ಆಗ ಕಾಟಾ ಎಲ್ಲಿತ್ತು. ಯಾವಾಗ ಕಟ್ಟಿದ್ದೋ, ಯಾರು ಕೇಳಲಿ ಎಂದು ಇಟ್ಟುಕೊಂಡಿದ್ದೋ.

"ಸರಿ ಅದ್ರಿ," ಉಮಾಶ್ರೀ ಮೆಲ್ಲಗೆ ಹೇಳಿದಳು. "ಈಗ ಬಂದ್ ಮಾಡಿ ಚಾಲೂ ಮಾಡ್ರಿ."

ತೆರೆಯ ಮೇಲೆ ಕೂಗು ಮೂಡಿತು. ಉತ್ತರವಿಲ್ಲ. ಮತ್ತೊಂದು ಕೂಗು. ಅಷ್ಟರಲ್ಲಿ ವೀರಭದ್ರಮ್ಮ ಅಂಗಳ ದಾಟಿ ಬಂದು ಗೇಟಿನ ಕೋಣೆಯ ಹೊಸ್ತಿಲಲ್ಲಿ ನಿಂತರು. ಎಂದೂ ಅಲ್ಲಿಗೆ ಬಂದವರಲ್ಲ. ಮೌನೇಶ ಸ್ಟೂಲಿನಿಂದ ಎದ್ದು ನಿಂತ. ಮೊದಲ ಮಳೆಹನಿಗಳು ಕಬ್ಬಿಣದ ಹಾಸಿನ ಮೇಲೆ ಬಿದ್ದವು. ಮತ್ತೆ ಕೂಗು, ಈ ಸಲ ಅದರ ಬೆನ್ನಿಗೇ, ಬೇರೆ ಬಣ್ಣದ ಒಂದು ಸಾಲು.

"ಏನಂತ ಅದು?" ವೀರಭದ್ರಮ್ಮ ಕೇಳಿದರು.

ಉಮಾಶ್ರೀ ಆ ಸಾಲಿನ ಮೇಲೆ ಬೆರಳಿಟ್ಟಳು. "ನಾನ, ಇಲ್ಲೇ ಅದೀನಿ, ಅಂತ."

ಪ್ರಿಂಟರು ಒಮ್ಮೆ ಗಂಟಲು ಸರಿಮಾಡಿಕೊಂಡು ಚೀಟಿ ಉಗುಳತೊಡಗಿತು.

"ಹರದು ಕೊಡಪಾ ಮೌನೇಶ, ಏನ್ ನೋಡ್ತಿ," ಎಂದರು ವೀರಭದ್ರಮ್ಮ. "ಹಂಪಯ್ಯ ನಿಂತಾನ."

ಮೌನೇಶ ಚೀಟಿ ಹರಿದು ತಿರುಗುವಾಗ, ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಳಗೆ ಬರುವ ಯಜಮಾನರಿಗೆ ದಾರಿ ಬಿಡುವಂತೆ ಹೊಸ್ತಿಲಿನಿಂದ ಒಂದು ಪಕ್ಕಕ್ಕೆ ಸರಿದು ನಿಂತಿದ್ದರು.