ಮೀನು ತಿಂದ ಬಿಸಿಲು

ಚಳಿ ಸರಿದು, ಒಣಗಾಳಿ ಬೀಸುವ ಕಾಲ. ಮುಂಜಾನೆಯ ದೋಣಿಗಳು ಬಂದಾಗಿತ್ತು. ಬುಟ್ಟಿಗಳು ಏಣಿ ಹತ್ತಿದ್ದವು. ದ್ವೀಪದ ತಾರಸಿಗಳ ಮೇಲೆಲ್ಲ ಹೆಂಗಸರು ಸೊಂಟ ಬಗ್ಗಿಸಿ ಮೀನು ಹರಡುತ್ತಿದ್ದರು. ಕಡಿದಾದ ಆ ನೆಲದಲ್ಲಿ ಅಂಗಳ ಎಂಬುದು ಯಾರಿಗೂ ಇರಲಿಲ್ಲ. ಇದ್ದ ಸಮತಟ್ಟೆಲ್ಲ ತಲೆಯ ಮೇಲೆಯೇ. ಸಂಬಂಧ ಬೆಳೆಸಲು ಬಂದವರು ಕೂಡ ಹುಡುಗನನ್ನು ನೋಡುವ ಮೊದಲು ಅವನ ಮನೆಯ ತಾರಸಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಈ ಕೆಲಸದಲ್ಲಿ ಎಲ್ಲರಿಗೂ ಹಿರಿಯಳು ಅತ್ತಿಗೆ. ದ್ವೀಪಕ್ಕೆ ಕರೆಂಟು ಕೊಡುವ ಎಂಜಿನ್ ಮನೆ ನೋಡಿಕೊಳ್ಳುವ ಮೈದುನನೊಬ್ಬನಿಗೆ ಅತ್ತಿಗೆಯಾಗಿ ಬಂದವಳು, ಬರುಬರುತ್ತ ಇಡೀ ಬೀದಿಗೇ ಅತ್ತಿಗೆಯಾಗಿದ್ದಳು. ಯಾವ ಮೀನು ಮಗುಚಲು ಬಂದಿದೆ ಎಂದು ಕೆಳಗೆ ನಿಂತು ಮೂಗಿನಿಂದಲೇ ಹೇಳುವಳು. ಅವಳ ಒಣಮೀನಿಗೆ ದಡದ ವ್ಯಾಪಾರಿಗಳು ಚೌಕಾಸಿ ಮಾಡುತ್ತಿರಲಿಲ್ಲ.

ಆ ವರ್ಷ ಅವಳ ತಾರಸಿಗೇ ಸಂಚಕಾರ ಬಂದಿತ್ತು. ಡೀಸೆಲ್ ಎಂಜಿನ್ ಮುದಿಯಾಗಿ, ದ್ವೀಪಕ್ಕೆ ಹೊಸ ಕರೆಂಟು ಬೇಕಾಗಿತ್ತು. ಬಿಸಿಲಿನಿಂದಲೋ, ಗುಡ್ಡದ ಬುಡದಲ್ಲಿ ಬಿಸಿನೀರುಕ್ಕುವ ನೆಲದ ಆವಿಯಿಂದಲೋ ಎಂಬುದೇ ಎಲ್ಲರ ಬಾಯಲ್ಲಿ. ಆವಿ ಹಗಲಿರುಳೆನ್ನದೆ ದುಡಿಯುತ್ತದೆ. ಆದರೆ ನೆಲವನ್ನು ಬಹಳ ಆಳಕ್ಕೆ ಕೊರೆಯಬೇಕು, ಯಂತ್ರ ಕೆಟ್ಟರೆ ದಡದವರ ದಾರಿ ಕಾಯಬೇಕು. ಸೋಲಾರ್ ಫಲಕಗಳನ್ನು ಊರವರೇ ಬಿಚ್ಚಿ ಕಟ್ಟಬಹುದು. ಆದರೆ ರಾತ್ರಿಗೆ ಬ್ಯಾಟರಿ ಬೇಕು, ಹಗಲಿಗೆ ಜಾಗ ಬೇಕು. ಜಾಗ ಎಂದರೆ ಮತ್ತೆ ತಾರಸಿಯೇ. ಅತ್ತಿಗೆ ಎರಡು ಮಾತಿಲ್ಲದೆ ಆವಿಯ ಕಡೆ.

"ಗುಡ್ಡ ಕೊರೆದರೆ ಬಿಸಿನೀರಿನ ಸ್ನಾನ ತಪ್ಪಿ ಹೋದೀತು ಅತ್ತಿಗೆ. ಆಮೇಲೆ ಮಂಡಿನೋವು ಅಂತ ನನ್ನ ಮುಂದೆ ಅಳಬೇಡಿ" ಎಂದು ಊರ ಸಮಿತಿಯ ಮುಖ್ಯಸ್ಥನೂ ಆಗಿದ್ದ ಮೈದುನ ರೇಗಿಸುತ್ತಿದ್ದ.

"ನನ್ನ ಮಂಡಿ ನಾನು ನೋಡ್ಕೋತೀನಿ. ನೀನು, ಎಂಜಿನ್ ಮನೇಲಿ ಕೆಮ್ತಾನಲ್ಲ, ಆ ನಿನ್ನ ಮುದುಕನ್ನ ನೋಡ್ಕೋ ಹೋಗಪ್ಪ!"

ಎರಡನ್ನೂ ಒಂದು ತಿಂಗಳು ಅಳೆದು ನೋಡಲು ದಡದಿಂದ ಎಂಜಿನಿಯರಮ್ಮ ಬಂದಿದ್ದಳು. ಗುಡ್ಡದ ಬುಡದಲ್ಲೊಂದು ಪರೀಕ್ಷೆಯ ಬಾವಿ, ಹಳೆಯ ದೋಣಿಮನೆಯ ಹಿಂದೆ ಒಂದು ಸಾಲು ಫಲಕ. ಹಗಲೆಲ್ಲ ಅವಳಿಗೆ ಬಾವಿಯದೇ ಕೆಲಸ. ಫಲಕಗಳ ಮೀಟರು ಎಂಜಿನ್ ಮನೆಯಲ್ಲಿದ್ದುದರಿಂದ ಸಂಜೆ ಅಲ್ಲಿಯೇ ಲೆಕ್ಕ ನೋಡಿ ಬಿಡುತ್ತಿದ್ದಳು. ಬಾವಿ ಹೇಳಿಕೊಳ್ಳುವಂಥ ಕಾವು ಕೊಡಲಿಲ್ಲ. ಫಲಕಗಳಂತೂ ಮೋಡವಿಲ್ಲದ ಆಕಾಶದ ಕೆಳಗೆ ಉಪವಾಸ ಬಿದ್ದಂತಿದ್ದವು. ತಿಂಗಳು ಮುಗಿಯಿತು. ಸಂಜೆ ಸಭೆ, ಆವಿಗೇ ಎಂದು ತೀರ್ಮಾನವಾದಂತೆಯೇ ಇತ್ತು. ಅತ್ತಿಗೆ ಅಂದು ಹೊಸ ಚಾಪೆಗಳನ್ನು ತಾರಸಿಗೆ ಏರಿಸಿದಳು.

ಮಧ್ಯಾಹ್ನ ಬುಟ್ಟಿ ಸಾಲದೆ ಸೊಸೆಯನ್ನು ಹುಡುಕಿಕೊಂಡು ದೋಣಿಮನೆಯ ಹಿಂದೆ ಹೋದವಳು ಅಲ್ಲೇ ನಿಂತುಬಿಟ್ಟಳು. ಫಲಕಗಳ ತುಂಬ, ಬೆರಳಿಡಲು ಸಂದಿಲ್ಲದ ಹಾಗೆ, ಬೆಳ್ಳಿಬಣ್ಣದ ಸಣ್ಣ ಮೀನು. ಸೊಸೆ ಪಕ್ಕದಲ್ಲಿ ಕೂತು ಕಾಗೆ ಓಡಿಸುತ್ತಿದ್ದಳು.

"ಏನೇ ಇದು?"

"ತಾರಸೀಲಿ ಜಾಗ ಇಲ್ಲ, ನೀನೇ ನೋಡ್ಕೋ ಅಂದಿದ್ರಲ್ಲ ಅತ್ತೆ!" ಸೊಸೆಯ ಮುಖ ಅರಳಿತು. "ಕರಿ ಗಾಜು, ಹೆಂಚಿನ ಹಾಗೆ ಕಾಯುತ್ತೆ. ನಿಮ್ಮ ತಾರಸೀಲಿ ಎರಡು ದಿನ ಹಿಡಿಯೋದು ಇಲ್ಲಿ ಒಂದೇ ದಿನ. ಬೀದಿಯ ಸೊಸೆಯರೆಲ್ಲ ಪಾಳಿ ಹಾಕ್ಕೊಂಡಿದೀವಿ. ಸಂಜೆ ಉಪ್ಪುನೀರಲ್ಲಿ ಚೊಕ್ಕವಾಗಿ ಒರೆಸಿಯೇ ಹೋಗ್ತೀವಿ."

"ತಿಂಗಳೆಲ್ಲ?"

"ತಿಂಗಳೆಲ್ಲ. ಯಾಕತ್ತೆ? ಕಾವು ತಾನೇ ಬೇಕು ಅದಕ್ಕೆ? ಮೀನು ಸುಡ್ತಾ ಇದೆ ನೋಡಿ, ಕಾವು ಎಲ್ಲಿ ಹೋಯ್ತು!"

"ಕಾವಲ್ಲ ಕಣೇ, ಅದಕ್ಕೆ ಬೆಳಕು ಬೇಕು. ನೀವು ಅದರ ಕಣ್ಣಿಗೇ ಬಟ್ಟೆ ಕಟ್ಟಿದೀರಿ."

ಸೊಸೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಸಮಿತಿಯವರಿಗೆ ಯಾರಿಗೂ ಗೊತ್ತಿಲ್ಲವಲ್ಲ ಅತ್ತೆ. ಈಗಲೇ ಎತ್ತಿಬಿಟ್ಟರೆ... ನಮ್ಮ ತಾರಸಿ ನಮಗೇ ಉಳಿಯುತ್ತೆ" ಎಂದಳು.

ಅತ್ತಿಗೆ ಒಂದು ಮೀನನ್ನೆತ್ತಿ ಮುರಿದು ನೋಡಿದಳು. ಮೇಲೆ ಗರಿಗರಿ, ಮುಳ್ಳಿನ ಹತ್ತಿರ ಹಸಿ. ಇಂಥದು ತನ್ನ ಬೀದಿಯ ಹೆಸರಲ್ಲಿ ದಡಕ್ಕೆ ಹೋಗುತ್ತಿತ್ತೆಂದು ಮೈ ಉರಿಯಿತು. ತಾರಸಿ ಉಳಿಯಬೇಕು, ನಿಜ. ಆದರೆ ನಾಳೆ ಅದರ ಮೇಲೆ ನಿಂತಾಗ ತನ್ನ ತಲೆ ನೆಟ್ಟಗಿರಬೇಡವೆ?

"ಎತ್ತಬೇಡ. ಹಾಗೇ ಇರಲಿ" ಎಂದವಳೇ ಗುಡ್ಡದ ಕಡೆ ನಡೆದಳು. ಎಂಜಿನಿಯರಮ್ಮನನ್ನು ಕೈಹಿಡಿದು ಕರೆತಂದು ಫಲಕಗಳ ಮುಂದೆ ನಿಲ್ಲಿಸಿದಳು.

ಎಂಜಿನಿಯರಮ್ಮ ಒಂದು ಮೀನನ್ನು ಬಾಲ ಹಿಡಿದು ಎತ್ತಿದಳು. "ತಂತಿ ಬದಲಾಯಿಸಿದೆ, ಮೀಟರು ಬದಲಾಯಿಸಿದೆ, ಫಲಕ ಕಳಿಸಿಕೊಟ್ಟವರ ಹತ್ರ ಫೋನಲ್ಲಿ ಜಗಳ ಆಡಿದೆ... ಮೀನೇ?"

"ಮೀನೇ ಕಣಮ್ಮ. ಬೈಯೋದಿದ್ರೆ ಸಂಜೆ ಬೈಯಿ. ಅಲ್ಲಿ ಎಲ್ಲರೂ ಇರ್ತಾರೆ."

ಸಂಜೆಯ ಸಭೆಯಲ್ಲಿ ಬೈಯುವ ಮುಂಚೆ ನಗುವೇ ಬಂದುಬಿಟ್ಟಿತು. ಮೈದುನನಂತೂ ಕಣ್ಣೊರೆಸಿಕೊಂಡು, "ಆವಿಗೆ ಅಂತ ಆಗೋಗಿತ್ತಲ್ಲ ಅತ್ತಿಗೆ, ಸುಮ್ಮನಿದ್ದಿದ್ರೆ ಗೆದ್ದಿರ್ತಿದ್ರಿ!" ಎಂದ.

ಅತ್ತಿಗೆ ಎದ್ದು ನಿಂತಳು. "ಗೆಲ್ಲೋದಿದ್ರೆ ಆ ಗಾಜು ಪೂರ್ತಿ ಬಿಸಿಲು ಕುಡಿದ ಮೇಲೆ ಗೆಲ್ತೀನಿ. ಒಂದು ತಿಂಗಳ ಬಿಸಿಲು ನಮ್ಮ ಮೀನು ತಿಂದಿದೆ. ಅದು ಊರಿನ ಬಿಸಿಲು, ನಮ್ಮ ಬೀದಿ ಮೇಲಿನ ಸಾಲ. ಇನ್ನೊಂದು ತಿಂಗಳು ಅಳೀರಿ. ಗಾಜಿನ ಮೇಲೆ ನೊಣ ಕೂರದ ಹಾಗೆ ನಾವು ಕಾಯ್ತೀವಿ."

ಹಾಗೆಯೇ ಕಾದರು. ಸಿಹಿನೀರಿನಲ್ಲಿ ಒರೆಸಿದ ಗಾಜಿನಲ್ಲಿ ಹೆಂಗಸರು ಮುಖ ನೋಡಿ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಈ ಸಲ ಫಲಕಗಳು ಬಾವಿಯನ್ನು ಎಷ್ಟೋ ಹಿಂದೆ ಹಾಕಿದವು. ಬ್ಯಾಟರಿಯ ಖರ್ಚು ಕೂಡಿಸಿದರೂ ಬಿಸಿಲೇ ಮೇಲು ಎಂದು ಎಂಜಿನಿಯರಮ್ಮ ತಡೆದು ತಡೆದು, ಅತ್ತಿಗೆಯ ಮುಖ ನೋಡದೆ ಓದಿದಳು.

"ಹಾಗಾದರೆ ಮೊದಲು ಯಾರ ತಾರಸಿ?" ಎಂದ ಮೈದುನ.

ಎಲ್ಲರಿಗೂ ತಂತಮ್ಮ ಕಾಲಬೆರಳುಗಳ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಬಂತು.

"ನಮ್ಮದು" ಎಂದಳು ಅತ್ತಿಗೆ. "ದಕ್ಷಿಣದ ಮಗ್ಗುಲು ಪೂರ್ತಿ ತಗೊಳ್ಳಿ."

ಆ ಮನೆಗೆ ಎಲ್ಲಕ್ಕಿಂತ ಒಳ್ಳೆಯ ಬಿಸಿಲು ಬೀಳುತ್ತಿದ್ದುದು ಅಲ್ಲೇ. ಮೈದುನನ ದನಿ ಇಳಿಯಿತು. "ಮೀನು, ಅತ್ತಿಗೆ?"

"ಬಡಗಣ ಮಗ್ಗುಲಲ್ಲಿ ಗಾಳಿ ಇದೆ. ಬಿಸಿಲಲ್ಲಿ ಒಣಗಿಸೋಕೆ ಯಾರಿಗೆ ಬರಲ್ಲ? ಗಾಳೀಲಿ ಒಣಗಿಸೋಕೆ ಕೈ ಬೇಕು. ಅದು ನನಗಿದೆ."

ಫಲಕಗಳನ್ನು ಕೂರಿಸಿದ ದಿನ ಅವಳು ಒಂದೊಂದು ಬೋಲ್ಟನ್ನೂ ಅಲುಗಾಡಿಸಿ ನೋಡಿದಳು. ಗಟ್ಟಿಯಿದ್ದವು. ಎಂಜಿನಿಯರಮ್ಮ ಕೈಯ ಮಸಿ ಒರೆಸಿಕೊಳ್ಳುತ್ತ, "ನೀವು ತಿಂದಿದ್ದು ಒಂದು ತಿಂಗಳ ಬಿಸಿಲು. ಕೊಡ್ತಿರೋದು ವರ್ಷಗಟ್ಟಲೆ ಅತ್ತಿಗೆ. ಸಾಲ ಯಾವತ್ತೋ ತೀರಿತು" ಎಂದಳು.

"ಸಾಲ ಇವತ್ತು ತೀರ್ತು. ನಾಳೆಯಿಂದ ಬೀಳೋ ಬಿಸಿಲು ಬಡ್ಡಿ" ಎಂದು ಅತ್ತಿಗೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಸೊಸೆಯನ್ನು ಕೂಗುತ್ತ ಬಡಗಣ ಮಗ್ಗುಲಿಗೆ ನಡೆದಳು.