ಹಸಿರು ಕೆರೆಯ ಗಂಗೆ

ಗೌರಿ ಹಬ್ಬಕ್ಕೆ ಗಂಗೆ ತರಬೇಕು. ಪರದೇಶದ ಕಾರ್ಕ್ ಊರಿನಲ್ಲಿ ಎಲ್ಲಿಂದ ತರುವುದು? ಮಗಳ ಮನೆಯ ಹಬ್ಬಕ್ಕೆಂದು ಮೈಸೂರಿನಿಂದ ಬಂದಿದ್ದ ತುಂಗಮ್ಮ ನಲ್ಲಿ ನೀರು ಬೇಡವೆಂದರು. ಮಗಳು ಚಿತ್ರಾ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಊರಾಚೆಯ ಕೆರೆಗೆ ಕರೆದೊಯ್ದಳು. ದಡದಲ್ಲಿ ಬೋರ್ಡಿತ್ತು: ಈಜಬೇಡಿ, ನಾಯಿಗಳನ್ನು ನೀರಿಗೆ ಬಿಡಬೇಡಿ. ಚಿತ್ರಾ ಓದಿದಳು. ಅವರು ಈಜಲು ಬಂದಿರಲಿಲ್ಲ, ಮನೆಯಲ್ಲಿ ನಾಯಿಯೂ ಇರಲಿಲ್ಲ. ಕಲಶ ತುಂಬಿಕೊಂಡು ಬಂದರು.

ಪೂಜೆ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ವಸುಂಧರಾ ಕುಂಕುಮಕ್ಕೆ ಬಂದಳು. ಅವಳು ಯೂನಿವರ್ಸಿಟಿಯಲ್ಲಿ ಕೆರೆಗಳ ನೀರು ಪರೀಕ್ಷಿಸುವವಳು. ಕಲಶದಲ್ಲಿ ತೇಲುತ್ತಿದ್ದ ಹಸಿರು ಕಣಗಳನ್ನು ನೋಡಿ, ಎಲ್ಲಿಯ ನೀರೆಂದು ಕೇಳಿದಳು. ಇದು ನೀಲಿಹಸಿರು ಪಾಚಿ, ವಿಷವಿರಬಹುದು, ತೀರ್ಥವೆಂದು ಕೊಡಬೇಡಿ ಎಂದಳು.

“ಬೋರ್ಡಲ್ಲಿ ಕುಡೀಬೇಡಿ ಅಂತ ಇರ್ಲಿಲ್ಲ ಕಣೇ,” ಎಂದಳು ಚಿತ್ರಾ.

“ಕುಡಿಯೋರು ಇರ್ತಾರೆ ಅಂತ ಅವರಿಗೆ ಹೊಳೆದಿರಲ್ಲ.”

ತುಂಗಮ್ಮನಿಗೆ ಸಿಟ್ಟು ಬಂತು. ಕೆರೆ ನೀರು ಕುಡಿದೇ ಬೆಳೆದವರು ತಾವು ಎಂದರು. ಕುದಿಸಿ ಕೊಡೋಣವೇ ಎಂದು ಚಿತ್ರಾ ಕೇಳಿದಳು. ಕುದಿಸಿದರೆ ಪಾಚಿ ಸಾಯುತ್ತದೆ, ಅದರೊಳಗಿನ ವಿಷ ನೀರಿಗೆ ಬರುತ್ತದೆ, ಅಷ್ಟೇ ಎಂದ ವಸುಂಧರಾ ಮನೆಗೆ ಹೋಗಿ ಪುಟ್ಟ ಮೈಕ್ರೋಸ್ಕೋಪ್ ತಂದಳು. ಕಲಶದ ಒಂದು ಹನಿಯನ್ನು ಅದರಡಿ ಇಟ್ಟು ತುಂಗಮ್ಮನಿಗೆ ತೋರಿಸಿದಳು. ಹಸಿರು ಉಂಡೆಗಳ ನಡುವೆ ಸಣ್ಣ ಜೀವಿಗಳು ಓಡಾಡುತ್ತಿದ್ದವು.

“ಇಷ್ಟು ಹುಳ ಇದನ್ನೇ ತಿಂದ್ಕೊಂಡು ಬದುಕಿದಾವಲ್ಲ. ನಮಗೇನಾಗುತ್ತೆ?”

“ಆ ದೊಡ್ಡದನ್ನ ನೋಡಿ ಆಂಟಿ. ಕಣ ಹಿಡಿಯುತ್ತೆ, ರುಚಿ ನೋಡುತ್ತೆ, ಕೆಟ್ಟದ್ದಾದ್ರೆ ಬಿಸಾಕುತ್ತೆ. ಪಕ್ಕದಲ್ಲಿರೋದು ಅದೇ ಜಾತಿಯ ಮರಿ. ಅದಕ್ಕೆ ಅಷ್ಟು ಆರಿಸೋಕೆ ಬರಲ್ಲ. ಬಾಯಿಗೆ ಹಿಡಿಸೋ ಚೂರೆಲ್ಲ ನುಂಗುತ್ತೆ.”

“ನುಂಗಿದ್ರೆ?”

“ಎಷ್ಟೋ ಸಾಯ್ತವೆ. ನಿಮಗೆ ಕಾಣ್ತಿರೋದು ಬದುಕಿರೋವು ಮಾತ್ರ.”

ತುಂಗಮ್ಮ ಮತ್ತೆ ಕಣ್ಣಿಟ್ಟು ನೋಡಿದರು. ಅಷ್ಟರಲ್ಲಿ ನಾಲ್ಕು ವರ್ಷದ ಮೊಮ್ಮಗಳು ತನ್ವಿ ಬಂದು ಅಂಗೈ ಚಾಚಿ ನಿಂತಳು.

“ಅಜ್ಜಿ, ಕ್ಯಾನ್ ಐ ಹ್ಯಾವ್ ಸಮ್?”

ತುಂಗಮ್ಮ ಆ ಅಂಗೈಯನ್ನು ಮಡಚಿ ಹಿಡಿದುಕೊಂಡರು. ಆಮೇಲೆ ಯಾರನ್ನೂ ಕೇಳಲಿಲ್ಲ. ಪೂಜೆಯ ನೀರನ್ನು ತಾವೇ ಬಚ್ಚಲಿಗೆ ಸುರಿದರು. ಕಲಶ ಉಜ್ಜಿ, ಕೈಗೆ ಸೋಪು ಹಚ್ಚಿ ತೊಳೆದರು. ಅಡುಗೆಮನೆಯ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಹೊಸ ನೀರು ಹಿಡಿದು, ಇನ್ನೊಂದು ಸಲ ಪೂಜೆ ಮಾಡಿದರು. ತನ್ವಿ ತೀರ್ಥ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಳು.

ನಿಮ್ಮ ಮನೆಯಲ್ಲೂ ಇಂಥ ಹಬ್ಬಗಳಿವೆ. ಕೆರೆ ನೀರು ಹಸಿರಾಗಿದ್ದರೆ, ಮೇಲೆ ಕೆನೆಗಟ್ಟಿದ್ದರೆ ಅದನ್ನು ಮುಟ್ಟಬೇಡಿ, ಮನೆಗೆ ತರಬೇಡಿ. ಕುದಿಸಿದರೂ, ಬಟ್ಟೆಯಲ್ಲಿ ಸೋಸಿದರೂ ಅದರ ವಿಷ ಹೋಗುವುದಿಲ್ಲ. ಯಾರಾದರೂ ಗೊತ್ತಿಲ್ಲದೆ ಕುಡಿದು ವಾಂತಿ, ಭೇದಿ ಶುರುವಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಕೆರೆಯ ವಿಷಯ ಮುಚ್ಚಿಡಬೇಡಿ. ಮಕ್ಕಳು ನಾವು ಕೊಟ್ಟದ್ದನ್ನು ಕುಡಿಯುತ್ತಾರೆ. ಕೊಡುವ ಮೊದಲು ನೋಡಿ.