ಕನ್ನಡಿಯ ಎಡಗಡೆಯ ಕುದುರೆ

ಯಾರೋ ಕೆಮ್ಮಿದರು, ಬಟ್ಟಲಲ್ಲಿ ಸೋಪಿನ ನೊರೆ ಚುಯ್ಯೆಂದು ಇಳಿಯುತ್ತಿದೆ, ಇಳಿಯಲಿ, ಅವನ ಕೈ ಈಗ ಚದುರಂಗದ ಮಣೆಯ ಮೇಲಿದೆ, ಕ್ಷೌರದಂಗಡಿಗಳ ಚರಿತ್ರೆಯಲ್ಲೇ ಇಂಥ ಕೈ ಹುಟ್ಟಿಲ್ಲ — ನಡುವಿನ ಎರಡರಲ್ಲಿ ಎಡಗಡೆಯ ಕಾಲಾಳು ಎರಡು ಮನೆ, ಎಡಗಡೆಯ ಕುದುರೆ ಹೊರಗೆ, ಎಡಗಡೆಯ ಒಂಟೆ ಓರೆಗೆ — ಕತ್ತರಿಯ ಕಚಕ್ಕಿಗೊಂದು ನಡೆಯಂತೆ ಉರು ಹೊಡೆದದ್ದು, ಊರಿನ ಅರ್ಧ ತಲೆಗಳು ಆ ತಾಳಕ್ಕೇ ಬೋಳಾದವು, ಹೆಡ್‌ಮಾಸ್ಟರು ಏಳುವಾಗ ಕಿವಿ ಮುಟ್ಟಿಕೊಂಡು, ಸದ್ಯ ಇದೆಯಲ್ಲ ಅಂದಿದ್ದರು. ಕಲಿಸಿದವಳು ಹೆಂಡತಿ, ಗಿರಾಕಿಗಳ ಮುಖ ನೋಡ್ಕೊಂಡು ಆಡೋಕಾಗಲ್ಲ ಅಂತ ಹಿಂದಿನ ಬೆಂಚಿನಲ್ಲಿ ಎಲ್ಲರಿಗೂ ಬೆನ್ನು ಹಾಕಿ ಕೂತು ಅವೇ ನಡೆಗಳನ್ನು ಮತ್ತೆ ಮತ್ತೆ ನಡೆಸುವಳು, ಇವನು ಯಾರದೋ ಗಲ್ಲ ಕೆರೆಯುತ್ತ ಎದುರಿನ ಕನ್ನಡಿಯಲ್ಲಿ ಅವಳ ಭುಜದ ಮೇಲಿಂದ ನೋಡುವನು, ಎಡಗಡೆಯ ಕುದುರೆ ಠಣ್ಣನೆ ನೆಗೆಯುವುದು, ಒಂದ್ಸಲ ಇಲ್ಲಿ ಕೂತು ಆಡಿ ನೋಡ್ರೀ ಅಂದಳು, ಕೂರೋದ್ಯಾಕೆ, ನನ್ನ ಕಣ್ಣು ಕಂಡದ್ದನ್ನ ಸತ್ರೂ ಬಿಡಲ್ಲ ಅಂದಿದ್ದ. ಆ ಬಾಯಿಯೇ ಈಗ ಎದುರಿಗೆ ಕೂತಿರುವ ಭಾವನಿಗೂ, ಅವಳ ಅಣ್ಣನಿಗೂ, ಹೇಳಿದ್ದು, ಸೋತ್ರೆ ಇದೇ ಕುರ್ಚೀಲಿ ಮೀಸೆ ಬೋಳಿಸ್ಕೊಳ್ತೀನಿ, ಕತ್ತಿ ನಿಮ್ಮ ಕೈಗೇ ಕೊಡ್ತೀನಿ — ಬಡಗಿಯ ಕೈಗೆ, ಉಳಿ ಬಿಟ್ಟರೆ ಇನ್ನೇನೂ ಹಿಡಿಯದ ಕೈಗೆ — ಮೀಸೆಯೋ, ಎರಡು ಒದ್ದೆ ಟವೆಲು ಒಣಹಾಕಬಹುದು, ಅಂಗಡಿಗೆ ಬೋರ್ಡೇ ಇಲ್ಲ, ಮೀಸೆಯೇ ಬೋರ್ಡು. ಕಾಲಾಳು ಹೋಯಿತು, ಎರಡು ಮನೆ, ಅಂಗಡಿಯೇ ನಡುಗಿತು, ಆದರೆ ಪಕ್ಕದಲ್ಲಿ ಹೆಂಡತಿಯ ಹೆಣಿಗೆ ಕಡ್ಡಿ ಯಾಕೆ ನಿಂತಿತು, ಭಾವ ಯಾಕೆ ಮೂಗು ತುರಿಸಿಕೊಂಡ, ಹೋಗಲಿ, ಅವನೂ ಒಂದು ಕಾಲಾಳು ತಂದ, ಈಗ ಕುದುರೆ, ಎಡಗಡೆಯದು, ಬೆರಳು ಅದರ ಕಿವಿಯ ಮೇಲೆ ಕೂತಾಗಿದೆ, ಪಕ್ಕದಲ್ಲಿ ಒಂಟೆ, ಒಂಟೆಯ ಪಕ್ಕದಲ್ಲಿ ರಾಜ — ಅಲ್ಲ, ರಾಣಿ, ರಾಜನನ್ನು ಯಾರು ಎಬ್ಬಿಸಿ ಬಲಗಡೆ ಕೂರಿಸಿದರು — ಯಾರೂ ಇಲ್ಲ, ಅವನು ಹುಟ್ಟಿದಾಗಿಂದ ಅಲ್ಲೇ ಕೂತಿದ್ದಾನೆ, ಎಡಕ್ಕೆ ಕೂರಿಸಿದ್ದು ಕನ್ನಡಿ, ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಎಡಗಿವಿ ಬಲಗಿವಿ ಅದಲುಬದಲು ಮಾಡದವನು ಇಡೀ ಚದುರಂಗವನ್ನೇ ತಿರುಗಾಮುರುಗಾ ಕಲಿತ, ಬೇರೆ ನಡೆ ಗೊತ್ತಿಲ್ಲ, ಒಂದೂ ಗೊತ್ತಿಲ್ಲ. ಮುಟ್ಟಿದ್ದಾಯ್ತಲ್ಲ, ಇನ್ನು ನಡೆಸಿ. ಭಾವನ ದನಿ ಮೆತ್ತಗಿದೆ, ಕಣ್ಣು ಕತ್ತಿಯ ಮೇಲಿದೆ, ಇವನು ಕತ್ತು ತಿರುಗಿಸುತ್ತಾನೆ, ಕನ್ನಡಿ, ಕನ್ನಡಿಯಲ್ಲಿ ಮೀಸೆ, ಮೀಸೆಯ ಹಿಂದೆ ಮಣೆ, ಮಣೆಯಲ್ಲಿ ಎಡಗಡೆ, ರಾಜ, ಒಂಟೆ, ಅದರಾಚೆ ಕುದುರೆ, ಯಾರೂ ಮುಟ್ಟದ ಕುದುರೆ, ಎಡಗಡೆ